ತಾನಾಗಿ ನಡೆಯುವ ಹುಲ್ಲಿನ ಮಿಷಿನ್ನು

ನಮ್ಮವರು ಸೇಲಂನಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದ ಸುದ್ದಿ ತಾರಮಂಗಲಂನ ನನ್ನ ತವರಿಗೆ ಮುಟ್ಟಿದಾಗ ನಮ್ಮ ದೊಡ್ಡಮ್ಮ ಕೇಳಿದ ಮೊದಲ ಮಾತು, "ಯಾರ ಮನೆ ಎಮ್ಮೆಗೆ?" ಎಂದು. ಎಮ್ಮೆಗೂ ಅಲ್ಲ, ಹಸುವಿಗೂ ಅಲ್ಲ, ಬಿಳಿ ದೊರೆಗಳು ಚೆಂಡಾಡುವ ಬಯಲಿನಲ್ಲಿ ಹುಲ್ಲು ಬೆರಳು ಮುಳುಗುವಷ್ಟು ಬೆಳೆಯಬಾರದಂತೆ, ಅದಕ್ಕೆ ಎಂದೆ. ದೊಡ್ಡಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡಳು. "ದನ ತಿನ್ನದ ಹುಲ್ಲು ಕುಯ್ಯಾಕೆ ಒಬ್ಬ ಗಂಡಸು, ಅವನಿಗೊಂದು ಮಿಷಿನ್ನು! ಇನ್ನೂ ಏನೇನು ನೋಡ್ಬೇಕೋ ಕಾಣೆ ಕಣವ್ವಾ."

ನನಗೆ ರೇಗಿತು. ರೇಗುವುದು ನನಗೆ ಬಲು ಸಲೀಸು, ಈಗಲೂ ಹಾಗೇ. ನನ್ನ ಗಂಡನನ್ನು ನಾನು ಆಡಿಕೊಳ್ಳಬಹುದು, ಬೇರೆಯವರು ಆಡಿಕೊಂಡರೆ ಕೇಳಿಕೊಂಡು ಕೂರುವ ಜಾಯಮಾನ ನನ್ನದಲ್ಲ. "ಹುಲ್ಲು ಕುಯ್ಯೋ ಕೆಲ್ಸ ಅಲ್ಲ ದೊಡ್ಡವ್ವಾ, ಇಂಜಿನ್ ಓಡ್ಸೋ ಕೆಲ್ಸ. ಅದು ತಾನಾಗೇ ನಡೀತದೆ, ಇವರು ಅದರ ಇಂದಿಂದೆ ಓಗ್ತಾರೆ ಅಷ್ಟೆ," ಎಂದೆ. ದೊಡ್ಡಮ್ಮ ನಂಬಲಿಲ್ಲ. ನಾನೂ ಕಣ್ಣಾರೆ ನೋಡುವವರೆಗೆ ನಂಬಿರಲಿಲ್ಲ ಅನ್ನಿ.

ಆ "ತಾನಾಗೇ ನಡೀತದೆ" ಅನ್ನುವ ಮಾತಿನ ಮೇಲೆ ನಮ್ಮ ಸಂಸಾರವೇ ನಿಂತಿತ್ತು. ಯಾಕೆಂದರೆ ನಮ್ಮವರ ಎಡಗಾಲು ಸೊಟ್ಟ. ಚಿಕ್ಕವರಿದ್ದಾಗ ಜ್ವರ ಬಂದು ಕಾಲು ಸಣಕಲಾಗಿ, ಮಂಡಿ ಸರಿಯಾಗಿ ಮಡಚಲು ಬರುತ್ತಿರಲಿಲ್ಲ. ನಾವು ನೇಯುವ ಜನ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಎರಡೂ ಕಾಲು ಇಳಿಬಿಟ್ಟು ಕೂತು, ಒಂದಾದ ಮೇಲೊಂದು ತುಳಿಯುತ್ತ ನೇಯಬೇಕು. ಒಂಟಿಕಾಲಿನ ಕೆಲಸ ಅದಲ್ಲ. ಹಾಗಾಗಿ ಮಾವ ಇವರಿಗೆ ರಾಟೆ ಕೊಟ್ಟು ಕಂಡಿಕೆ ಸುತ್ತಲು ಕೂರಿಸಿದ್ದರು. ಮಗ್ಗದಲ್ಲಿ ಆಚೀಚೆ ಓಡುವ ಲಾಳಿಯೊಳಗೆ ಇಡುವ ನೂಲಿನ ಸುರುಳಿಯೇ ಕಂಡಿಕೆ. ನಮ್ಮ ಬೀದಿಯಲ್ಲಿ ಅದನ್ನು ಸುತ್ತುವವರು ಹೆಂಗಸರು, ಮಕ್ಕಳು, ಹಲ್ಲುದುರಿದ ಮುದುಕರು. ಮೀಸೆ ಬಂದ ಗಂಡಸು ಅವರ ನಡುವೆ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅದೇ ಇವರಿಗೆ ಹೆಚ್ಚು ಚುಚ್ಚುತ್ತಿತ್ತು.

ಕಾಲಿನ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಲ ಎತ್ತಿದ್ದಕ್ಕೆ ಮಾವ ಊಟದ ಎಲೆಯ ಮುಂದಿನಿಂದ ಎದ್ದುಹೋದರು. ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಅವರು ತಿರುಗದ ಗುಡಿಯಿಲ್ಲ, ತೋರಿಸದ ವೈದ್ಯನಿಲ್ಲ ಎಂದು ಅಕ್ಕಪಕ್ಕದವರು ಆಮೇಲೆ ಹೇಳಿದರು. ಯಾವುದರಿಂದಲೂ ಆಗದೆ ಹೋದ ಮೇಲೆ ಅವರು ಆ ಮಾತನ್ನೇ ಬಿಟ್ಟುಬಿಟ್ಟರಂತೆ.

ಇವರ ಪುಣ್ಯಕ್ಕೆ ಮೆಟ್ಟೂರಿನಲ್ಲಿ ಕಾವೇರಿಗೆ ಅಣೆ ಕಟ್ಟುವ ಕೆಲಸ ನಡೆಯುತ್ತಿತ್ತು. ಅಲ್ಲಿ ನೀರೆತ್ತುವ ಇಂಜಿನ್ನಿನ ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಕೆಲಸ ಸಿಕ್ಕಿ, ಇಂಜಿನ್ನಿನ ಕರುಳು ಬಳ್ಳಿಯೆಲ್ಲ ಕಲಿತುಬಂದರು. ಅಣೆ ಮುಗಿಯಿತು, ಎಲ್ಲರನ್ನೂ ಮನೆಗೆ ಕಳಿಸಿದರು. ಇವರು ಮತ್ತೆ ರಾಟೆಯ ಮುಂದೆ ಬಂದು ಕೂತರು. ಆಗ ಬೆಟ್ಟದ ರಸ್ತೆಯಲ್ಲಿದ್ದ ದೊರೆಗಳ ಕ್ಲಬ್ಬಿನ ಅಡಿಗೆಯವನು ಹೆಂಡತಿಗೆ ಸೀರೆ ಕೊಳ್ಳಲು ನಮ್ಮ ಬೀದಿಗೆ ಬಂದವನು, ಕ್ಲಬ್ಬಿಗೆ ಪೆಟ್ರೋಲಿನ ಹುಲ್ಲು ಮಿಷಿನ್ನು ಬಂದಿದೆ, ಓಡಿಸುವವನೇ ಇಲ್ಲ ಎಂದ. ಇವರು ರಾಟೆ ಬಿಟ್ಟು ಎದ್ದೇಬಿಟ್ಟರು. ಕೆಲಸದ ಜೊತೆಗೆ ಕ್ಲಬ್ಬಿನ ಹಿಂದೆ ಎರಡು ಕೋಣೆಯ ಒಂದು ಮನೆಯನ್ನೂ ಕೊಟ್ಟರು. ಸಿಹಿನೀರಿನ ಬಾವಿ, ಒಂದು ಹುಣಸೆಮರ, ನಾನು ಕೂಗಾಡಿದರೆ ಕೇಳುವವರೂ ಇಲ್ಲ. ನನಗೆ ಇನ್ನೇನು ಬೇಕು?

ಮಾವ ಮಾತ್ರ ತಿಂಗಳುಗಟ್ಟಲೆ ಮಗನೊಡನೆ ಮಾತು ಬಿಟ್ಟರು. "ನೇಯೋರ ವಂಶದಲ್ಲಿ ಉಟ್ಟಿ ಉಲ್ಲು ಕುಯ್ಯಾಕೆ ಓದ್ನಲ್ಲ," ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದರು.

ಮಿಷಿನ್ನು ಹೇಗಿತ್ತೆಂದು ಹೇಳಿಬಿಡುತ್ತೇನೆ. ಮುಂದೆ ಸುತ್ತುವ ಕತ್ತಿಗಳು, ನಡುವೆ ಇಂಜಿನ್ನು, ಹಿಂದೆ ಕಬ್ಬಿಣದ ಉರುಳೆ, ಅದಕ್ಕೂ ಹಿಂದೆ ಹಿಡಿದುಕೊಳ್ಳಲು ಎರಡು ಹಿಡಿ. ಕತ್ತಿಗಳನ್ನು ಒಂದು ಸರಪಳಿ ತಿರುಗಿಸುತ್ತಿತ್ತು. ಉರುಳೆಯನ್ನು ತಿರುಗಿಸಲು ಇಂಜಿನ್ನಿನಿಂದ ಒಂದು ತೊಗಲಿನ ಬೆಲ್ಟು. ಹಿಡಿಯ ಬಳಿಯ ಕಬ್ಬಿಣದ ಸನ್ನೆಗೋಲು ಒತ್ತಿದರೆ ಒಂದು ಪುಟ್ಟ ಗಾಲಿ ಬೆಲ್ಟನ್ನು ಅಮುಕುತ್ತಿತ್ತು, ಬೆಲ್ಟು ಬಿಗಿಯಾಗಿ ಉರುಳೆಯನ್ನು ಹಿಡಿದುಕೊಳ್ಳುತ್ತಿತ್ತು, ಮಿಷಿನ್ನು ತಾನಾಗಿ ಹೊರಡುತ್ತಿತ್ತು. ಇವರು ಹಿಡಿ ಹಿಡಿದು ಮೆಲ್ಲಗೆ ಹಿಂದೆ ಹೋಗುವುದು, ಕೊನೆಯಲ್ಲಿ ತಿರುಗಿಸುವುದು, ಅಷ್ಟೆ. ಮೊದಲ ದಿನ ನಾನು ಹುಣಸೆಮರದ ಮರೆಯಲ್ಲಿ ನಿಂತು ನೋಡಿದೆ. ಸೊಟ್ಟಕಾಲಿನ ಮನುಷ್ಯ ಅಷ್ಟು ದೊಡ್ಡ ಕಬ್ಬಿಣವನ್ನು ಎರಡು ಬೆರಳಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ದೊಡ್ಡಮ್ಮನನ್ನು ಕರೆತಂದು ತೋರಿಸಬೇಕು ಅನ್ನಿಸಿತು.

ಆಯುಧಪೂಜೆ ಬಂತು. ನಮ್ಮವರು ಮಿಷಿನ್ನು ತೊಳೆದು ಷೆಡ್ಡಿನಲ್ಲಿ ನಿಲ್ಲಿಸಿದ್ದರು. ಬಾಗಿಲಲ್ಲಿ ನೋಡಿದರೆ ಮಾವ! ಮಡಿ ಪಂಚೆ, ಹೆಗಲ ಮೇಲೆ ಹೊಸ ಬಟ್ಟೆ, ಕೈಯಲ್ಲಿ ಹೂವು. ಮಿಷಿನ್ನಿನ ಸುತ್ತ ಬಂದರು, ಸರಪಳಿ ಮುಟ್ಟಿದರು, ಉರುಳೆ ಮುಟ್ಟಿದರು, ಬೆಲ್ಟನ್ನು ಹೆಬ್ಬೆರಳಿನಿಂದ ತೀಡಿ ನೋಡಿದರು. ಆಮೇಲೆ, "ಇದೂ ಒಂದು ಮಗ್ಗಾನೇ ಕಣ್ಲಾ," ಎಂದು ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಕೈ ಮುಗಿದರು. ಇವರು ಗೋಡೆಯ ಕಡೆ ತಿರುಗಿಕೊಂಡರು. ಕಣ್ಣೊರೆಸಿಕೊಂಡದ್ದು ನನಗೆ ಗೊತ್ತಾಯಿತು.

ಅಂದಿನಿಂದ ಪ್ರತಿ ಶುಕ್ರವಾರ ಮಾವ ಬರತೊಡಗಿದರು. ಬೀದಿಯಲ್ಲಿ ಅವರ ರಾಗವೇ ಬದಲಾಗಿತ್ತು. "ನನ್ನ ಮಗನ ಮಗ್ಗ ಪೆಟ್ರೋಲ್ ಕುಡೀತದೆ, ನಿಮ್ಮನೇವು ಏನು ಕುಡೀತವೆ?" ಎಂದು ಗೆಳೆಯರನ್ನು ಕೆಣಕುತ್ತಿದ್ದರಂತೆ. ಶುಕ್ರವಾರ ಮಧ್ಯಾಹ್ನ ನಮ್ಮವರು ಕ್ಲಬ್ಬಿನ ಗಾಡಿಯಲ್ಲಿ ಪೇಟೆಗೆ ಹೋಗಿ ಪೆಟ್ರೋಲ್ ಡಬ್ಬ ತರುತ್ತಿದ್ದರು. ಆ ಹೊತ್ತಿಗೆ ಮಾವ ಷೆಡ್ಡಿನಲ್ಲಿ ಒಬ್ಬರೇ ಕೂತು ಮಿಷಿನ್ನಿಗೆ ಹೂವಿಟ್ಟು ಏನೋ ಗುನುಗುತ್ತಿದ್ದರು. ಅದು ನಡೆಯುವುದನ್ನು ಮಾತ್ರ ಅವರು ಒಮ್ಮೆಯೂ ನೋಡಿರಲಿಲ್ಲ. ಹುಲ್ಲು ಕತ್ತರಿಸುತ್ತಿದ್ದದ್ದು ಬುಧವಾರ, ಶನಿವಾರದ ಬೆಳಗ್ಗೆ.

ಇದಾದ ಕೆಲವೇ ವಾರಗಳಲ್ಲಿ ಮಿಷಿನ್ನಿಗೆ ಸುಸ್ತು ಹಿಡಿಯಿತು. ಇಂಜಿನ್ನಿನ ಗುಡುಗಿಗೆ ಏನೂ ಕಮ್ಮಿಯಿಲ್ಲ, ಕತ್ತಿಗಳೂ ಗರಗರ ಸುತ್ತುತ್ತವೆ, ಸನ್ನೆ ಒತ್ತಿದರೆ ಮಾತ್ರ ಉರುಳೆ ಒಂದಿಷ್ಟು ಉರುಳಿ ನಿಲ್ಲುತ್ತದೆ. ಇವರು ಬೆನ್ನು ಬಗ್ಗಿಸಿ ತಳ್ಳಿದರೆ ಮುಂದಕ್ಕೆ, ಬಿಟ್ಟರೆ ಅಲ್ಲೇ. ನಾನು ಹುಳಿ ಅಂಬಲಿ ತೆಗೆದುಕೊಂಡು ಹೋದಾಗ ನೋಡಿದೆ, ಬಲಗಾಲನ್ನು ಊರಿ, ಎಡಗಾಲನ್ನು ನೆಲದ ಮೇಲೆ ಎಳೆದುಕೊಂಡು, ಹಲ್ಲು ಕಚ್ಚಿ ತಳ್ಳುತ್ತಿದ್ದಾರೆ. ನನ್ನನ್ನು ಕಂಡೊಡನೆ ನೆಟ್ಟಗೆ ನಿಂತು, "ಏನಿಲ್ಲ, ಚೂರು ಮಕ್ಕರ್ ಮಾಡ್ತೈತೆ," ಎಂದರು.

"ಅದು ಮಕ್ಕರ್ ಮಾಡ್ತೈತೋ ನೀವು ಮಾಡ್ತಿದ್ದೀರೋ? ಬೆನ್ನೆಲ್ಲ ಬೆವರು!"

"ಓಗೇ, ಒಲೆ ಮೇಲೆ ಏನಾದ್ರೂ ಸೀದೋದಾತು."

ಆ ಮೇಲೆ ರಿಪೇರಿಯೋ ರಿಪೇರಿ. ಮೊದಲು ಸನ್ನೆಯಿಂದ ಹೋಗುವ ತಂತಿ ಸಡಿಲವಾಗಿದೆ ಎಂದು ಬಿಗಿದರು. ಬೆಲ್ಟು ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು ಮತ್ತೆ ಹಾಕಿದರು. ಬುಧವಾರ ಮಿಷಿನ್ನು ಮದುವಣಗಿತ್ತಿಯಂತೆ ನಡೆಯಿತು. ಇವರು ಹಾಡಿಕೊಂಡು ಮನೆಗೆ ಬಂದರು. ಶನಿವಾರ ಮತ್ತೆ ಅದೇ ಗೋಳು. ಬೆಲ್ಟು ಎಳೆದುಕೊಂಡು ಉದ್ದವಾಗಿದೆ ಎಂದು ಒಂದಿಷ್ಟು ಕತ್ತರಿಸಿ ಕೊಕ್ಕೆ ಹಾಕಿ ಜೋಡಿಸಿದರು. ಬುಧವಾರ ನಡೆಯಿತು, ಶನಿವಾರ ನಿಂತಿತು. ಉರುಳೆಯ ಮುಚ್ಚಳ ಬಿಚ್ಚಿ, ಒಳಗಿನ ಹಲ್ಲುಗಾಲಿಗಳ ಸಂದಿಯಲ್ಲಿ ಸಿಕ್ಕಿ ಒಣಗಿದ್ದ ಹುಲ್ಲನ್ನು ಬುಟ್ಟಿಗಟ್ಟಲೆ ತೆಗೆದರು. ಅದರಿಂದಲೂ ಬುಧವಾರದ ಸುಖ ಅಷ್ಟೆ. ಪ್ರತಿ ಸಲವೂ ಬೆಲ್ಟು ಒರೆಸಿಯೇ ಹಾಕುತ್ತಿದ್ದರು, ಅದು ಜಿಡ್ಡಾಗಿರುವುದು ಅವರ ಕಣ್ಣಿಗೂ ಬಿದ್ದಿತ್ತು. ಇಂಜಿನ್ನಿನ ಎಣ್ಣೆ ಎಲ್ಲಿಂದಲೋ ಸಿಡಿಯುತ್ತಿದೆ ಎಂದು ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ನಡುವೆ ಅಡ್ಡ ಕಟ್ಟಿದರು. ಶನಿವಾರ ಬಂತು, ಮಿಷಿನ್ನು ನಿಂತಿತು.

"ಅಲ್ರೀ, ಇದಕ್ಕೂ ಶನಿಕಾಟ ಐತಾ?" ಎಂದೆ. ಅವರಿಗೆ ನಗು ಬರಲಿಲ್ಲ.

ಕ್ಲಬ್ಬು ನೋಡಿಕೊಳ್ಳುವ ದೊರೆ ಒಂದು ಶನಿವಾರ ವೆರಾಂಡದಿಂದ ಇಳಿದು ಬಂದ. ಕೆಟ್ಟವನಲ್ಲ, ತನಗೆ ಬರುವಷ್ಟು ತಮಿಳಿನಲ್ಲೇ ಮಾತಾಡುತ್ತಿದ್ದ. "ಮಿಷಿನ್ ತಾನಾ ನಡಕ್ಕಣುಂ. ನೀ ಏನ್ ತಳ್ರೆ?" ಎಂದ. ಅದೇ ನಡೆಯಬೇಕು, ನೀನು ಯಾಕೆ ತಳ್ಳುತ್ತೀಯ ಎಂದು. ಇವರು ಏನೋ ಸಬೂಬು ಹೇಳಿದರು. ದೊರೆ ಇವರ ಕಾಲನ್ನು ನೋಡಿ, ಮುಖ ಬೇರೆ ಕಡೆ ತಿರುಗಿಸಿ, ಬೆಟ್ಟದ ಮೇಲಿನ ಕಾಫಿತೋಟದ ದೊರೆಗಳು ಪಂದ್ಯಕ್ಕೆ ಇಳಿದುಬರುವ ಮುಂದಿನ ಶನಿವಾರದೊಳಗೆ ಸರಿಮಾಡು ಎಂದ. ತಳ್ಳುವುದೇ ಆದರೆ ಹಳೆಯ ಕೈಮಿಷಿನ್ನು ಇದೆ, ಗಟ್ಟಿಮುಟ್ಟಾದ ಕೂಲಿಗಳು ಸಾಕು, ಇದನ್ನು ಮಾರಿಬಿಡುತ್ತೇನೆ ಎಂದೂ ಹೇಳಿದ.

ಮನೆಗೆ ಬಂದು ಇವರು ಉಣ್ಣಲಿಲ್ಲ. "ಮತ್ತೆ ರಾಟೆ," ಎಂದರು. ಅದೊಂದೇ ಮಾತು. ಕಂಡಿಕೆ ಸುತ್ತುವ ಹೆಂಗಸರ ಸಾಲಿನಲ್ಲಿ ಮತ್ತೆ ಹೋಗಿ ಕೂರುವುದಕ್ಕಿಂತ ಮೆಟ್ಟೂರಿನ ಮಡುವಿಗೆ ಬೀಳುವುದು ಮೇಲು ಎಂದು ಹಿಂದೊಮ್ಮೆ ಅಂದಿದ್ದರು. ಅದು ನೆನಪಾಗಿ ರಾತ್ರಿಯೆಲ್ಲ ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿದೆ.

ಮಾರನೆಯ ದಿನ ಮಿಷಿನ್ನು ಒರೆಸಿದ ಬಟ್ಟೆಗಳನ್ನು ಒಗೆಯಲು ಬಾವಿಕಟ್ಟೆಗೆ ಒಯ್ದೆ. ಇಂಜಿನ್ನಿನ ಎಣ್ಣೆಗೆ ಒಂದು ಸುಟ್ಟ ನಾತ ಇರುತ್ತದೆ, ನನಗೆ ಅದು ಅಭ್ಯಾಸವಾಗಿತ್ತು. ಆವತ್ತು ಒಂದು ಬಟ್ಟೆ ಕೈಗೆತ್ತಿಕೊಂಡರೆ ಬಾಯಲ್ಲಿ ನೀರೂರಿತು. ಉಪ್ಪಿನಕಾಯಿ ಜಾಡಿ ತೆರೆದ ಹಾಗೆ! ಮೂಗಿಗೆ ಹಿಡಿದೆ. ಎಳ್ಳೆಣ್ಣೆ. ಗಾಣದಿಂದ ಆಗತಾನೇ ತಂದ ಅಪ್ಪಟ ಎಳ್ಳೆಣ್ಣೆ. ಯಾವ ಊರಿನ ಪೆಟ್ರೋಲ್ ಇಂಜಿನ್ನು ಎಳ್ಳೆಣ್ಣೆ ಕಾರುತ್ತದೆ? ನನ್ನ ಅಡಿಗೆಮನೆಯ ಎಣ್ಣೆ ಹಾಗೇ ಇತ್ತು. ಅಲ್ಲೇ ಕಲ್ಲಿನ ಮೇಲೆ ಕೂತು ಯೋಚಿಸಿದೆ. ಶುಕ್ರವಾರ ಮಾವ ಬರುವಾಗ ಅವರ ಬಟ್ಟೆಯ ಗಂಟಿನಲ್ಲಿ ಒಂದು ಹಿತ್ತಾಳೆ ಗಿಂಡಿ ಇರುತ್ತಿತ್ತು. ದೀಪಕ್ಕೆ ಅಂದುಕೊಂಡಿದ್ದೆ. ದೀಪ ಹಚ್ಚಿದ್ದನ್ನು ಮಾತ್ರ ಕಂಡಿರಲಿಲ್ಲ.

ಅಯ್ಯೋ ನನ್ನ ಕರ್ಮವೇ! ನೇಯುವವರ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಳೆಯದೆ ಹೋಯಿತಲ್ಲ. ಮಗ್ಗದಲ್ಲಿ ಲಾಳಿಯನ್ನು ಆಚೆಯಿಂದ ಈಚೆಗೆ ಹೊಡೆಯುವ ಒಂದು ತೊಗಲಿನ ತುಂಡು ಇರುತ್ತದೆ. ಅದು ಒಣಗಿದರೆ ಸೀಳುತ್ತದೆ, ಲಾಳಿ ಎಡವುತ್ತದೆ. ಆದ್ದರಿಂದ ನೇಯುವವನು ತಾನು ಗಂಜಿ ಕುಡಿಯದಿದ್ದರೂ ಆ ತೊಗಲಿಗೆ ಎಣ್ಣೆ ಕುಡಿಸುತ್ತಾನೆ. ನಮ್ಮ ಕಸುಬಿನಲ್ಲಿ ಎಲ್ಲವೂ ಜಾರಬೇಕು, ನೂಲು ಜಾರಬೇಕು, ಲಾಳಿ ಜಾರಬೇಕು. ಜಾರದೆ ಗಪ್ಪನೆ ಹಿಡಿದುಕೊಳ್ಳಬೇಕಾದ ತೊಗಲೂ ಲೋಕದಲ್ಲಿ ಇದೆ ಎಂದು ಮಾವನಿಗೆ ಯಾರು ಹೇಳಿದ್ದರು? ಬೆಲ್ಟು ತೀಡಿ ನೋಡಿದಾಗಲೇ ಇದು ಒಣಗಿದೆ, ಪಾಪ, ಅಂದುಕೊಂಡಿರಬೇಕು.

ನಾನು ಒದ್ದೆ ಸೀರೆಯಲ್ಲೇ ಓಡಿಹೋಗಿ ಇವರ ಮೂಗಿಗೆ ಬಟ್ಟೆ ಹಿಡಿದೆ. ಮೂಸಿದರು. ಮತ್ತೆ ಮೂಸಿದರು. ಮುಖದಲ್ಲಿ ಒಂದೊಂದೇ ಶುಕ್ರವಾರ ಹಾದುಹೋಗುವುದು ಕಾಣುತ್ತಿತ್ತು.

"ಈವತ್ತೇ ಓಗಿ ಮಾವಂಗೆ ಯೋಳಿಬಿಡ್ತೀನಿ," ಎಂದೆ.

"ಬಾಯಿ ಬಿಟ್ಟೀಯ, ನೋಡು!" ಅವರು ನನ್ನ ಮೇಲೆ ಹಾಗೆ ಎಂದೂ ಕೂಗಿದವರಲ್ಲ. ಆಮೇಲೆ ಮೆಲ್ಲಗೆ, "ಉಟ್ಟಿದಾಗಿಂದ ನಾನು ಮಾಡಿದ ಒಂದು ಕೆಲ್ಸಕ್ಕೂ ಅಪ್ಪ ಕೈ ಮುಗಿದಿಲ್ಲ ಕಣೇ. ಈಗ ಮುಗಿದವ್ನೆ. ನಿನ್ನ ಕೈಯಿಂದಾನೇ ಕೆಟ್ಟೋಯ್ತು ಅಂತ ಎಂಗೆ ಯೋಳ್ಲಿ? ಇನ್ನೊಂದು ಸಲ ಈ ಕಡೆ ತಲೆ ಆಕ್ತಾನಾ?" ಎಂದರು.

"ಕೆಲ್ಸ ಓದ್ರೆ?"

"ಓಗಾಕಿಲ್ಲ. ಪಂದ್ಯದ ಮುಂಚಿನ ಶುಕ್ರವಾರ ಒಂದಿನ ಅಪ್ಪ ಷೆಡ್ಡಿಗೆ ಓಗದಂಗೆ ನೋಡ್ಕೊ. ಅಷ್ಟು ಮಾಡು. ಆಮೇಲೆ ಏನಾದ್ರೂ ಉಪಾಯ ಮಾಡೋಣ."

ನನ್ನ ಕೈಲಿ ಆಗದ ಕೆಲಸ ಎಂದರೆ ಬಾಯಿ ಮುಚ್ಚಿಕೊಂಡಿರುವುದು. ಅಡಿಗೆ ಮಾಡಿ ಬಡಿಸುವುದು ಆಗುತ್ತದೆ. ಆ ವಾರ ಬೆಲ್ಟನ್ನು ಸೀಗೆಪುಡಿ ಹಾಕಿ ತಿಕ್ಕಿ, ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿದೆವು. ಬುಧವಾರ ಮಿಷಿನ್ನು ಹಗ್ಗ ಹರಿದ ಕರುವಿನ ಹಾಗೆ ಓಡಿತು. ಶುಕ್ರವಾರ ಮಾವ ಬಾಗಿಲಿಗೆ ಬರುವ ಮೊದಲೇ ಮನೆಯ ತುಂಬ ಒಬ್ಬಟ್ಟಿನ ಘಮ. "ಏನವ್ವಾ ವಿಶೇಷ?" ಎಂದರು. "ನೀವೇ ವಿಶೇಷ ಮಾವಾ, ಕೂತ್ಕಳಿ," ಎಂದೆ. ಬೇಳೆ ಬಸಿದ ಕಟ್ಟಿನ ಸಾರು, ಒಬ್ಬಟ್ಟಿನ ಮೇಲೆ ಒಬ್ಬಟ್ಟು, ಅದರ ಮೇಲೆ ತುಪ್ಪ. ಸಾಕು ಅಂದರೆ ಇನ್ನೊಂದು, ಬೇಡ ಅಂದರೆ ಮತ್ತೊಂದು. "ಏನ್ ತಾಯಿ, ನನ್ನ ಸಾಯ್ಸಿಬಿಡ್ತೀಯಾ?" ಎನ್ನುತ್ತ ಹುಣಸೆಮರದ ಕೆಳಗಿನ ಮಂಚದ ಮೇಲೆ ಒರಗಿದವರು ಗೊರಕೆ ಹೊಡೆದರು. ಎದ್ದಾಗ ಹೊತ್ತು ಇಳಿದಿತ್ತು, ಮಾವನನ್ನು ಕರೆದೊಯ್ಯುವ ಅವರ ಪಕ್ಕದ ಬೀದಿಯ ಗಾಡಿ ಹೊರಟು ನಿಂತಿತ್ತು. ಗಿಂಡಿ ಗಂಟಿನಲ್ಲೇ ಉಳಿಯಿತು. ಗಾಡಿ ತಿರುವಿನಲ್ಲಿ ಮರೆಯಾದ ಕೂಡಲೆ ನಾನೂ ಇವರೂ ಮಕ್ಕಳ ಹಾಗೆ ನಕ್ಕೆವು.

ಮಾವ ಎಂಥವರೆಂದು ನಾವು ಮರೆತಿದ್ದೆವು. ಮಗ್ಗಕ್ಕೆ ದೀಪ ತೋರಿಸದೆ ಒಂದು ದಿನವೂ ಉಣ್ಣದ ಮನುಷ್ಯ. ನಾಳೆ ಮಗನ ದೊಡ್ಡ ದಿನ, ಇವತ್ತು ಮಿಷಿನ್ನಿಗೆ ಎಣ್ಣೆ ತಪ್ಪಿತಲ್ಲ ಎಂದು ಅವರಿಗೆ ನೆಮ್ಮದಿಯೇ ಇಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಅಷ್ಟು ದೂರ ನಡೆದುಬಂದು, ನಾವು ಬಾಗಿಲು ತೆರೆಯುವ ಮೊದಲೇ ಷೆಡ್ಡಿಗೆ ಹೋಗಿ, ತಪ್ಪಿದ್ದಕ್ಕೂ ಸೇರಿಸಿ ಗಿಂಡಿ ಪೂರ್ತಿ ಬರಿದು ಮಾಡಿದ್ದರು. ಇವರು ಮುಖ ತೊಳೆದು ಹೋಗಿ ನೋಡುವಾಗ ಮಾವ ಷೆಡ್ಡಿನ ಬಾಗಿಲಲ್ಲಿ ನಗುತ್ತ ನಿಂತಿದ್ದರು. "ಎಲ್ಲಾ ಸರಿ ಮಾಡಿವ್ನಿ ಕಣ್ಲಾ. ಇವತ್ತು ನಿನ್ನ ಮಿಷಿನ್ನು ನಡೆಯೋದ ನಾನೂ ನೋಡ್ಬೇಕು. ಬೇಲಿ ಪಕ್ಕ ನಿಂತ್ಕಂಡ್ರೆ ದೊರೆ ಬೈತಾನಾ?"

ಇವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಾವನ ಎದುರಿಗೆ ಬೆಲ್ಟು ಬಿಚ್ಚಿ ತೊಳೆಯುವುದು ಹೇಗೆ? ಇವರು ಮಿಷಿನ್ನನ್ನು ಬಯಲಿಗೆ ತಳ್ಳಿಕೊಂಡು ಹೋಗಿ ಇಂಜಿನ್ನು ಹೊತ್ತಿಸಿದರು. ಬಿಳಿ ಗೆರೆ ಎಳೆದ ಹಸಿರು ನೆಲ, ಕುರ್ಚಿ ಹಾಕುತ್ತಿದ್ದ ಆಳುಗಳು, ಮೇಲೆ ಬೆಟ್ಟದ ತುದಿಯಲ್ಲಿ ಮಂಜು. ವೆರಾಂಡದ ಕಿಟಕಿಯೊಳಗೆ ದೊರೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಸನ್ನೆ ಒತ್ತಿದರು. ಬೆಲ್ಟು ಸರ್ರನೆ ಜಾರಿತು, ಉರುಳೆ ಅಲುಗಲಿಲ್ಲ.

ತಳ್ಳಿದರು. ನಾನೂ ಮಾವನೂ ಬೇಲಿಯ ಬಳಿ ನಿಂತಿದ್ದೆವು. ಬಲಗಾಲು ಊರುವುದು, ಎಡಗಾಲು ಎಳೆಯುವುದು, ಬಲಗಾಲು ಊರುವುದು, ಎಡಗಾಲು ಎಳೆಯುವುದು. ಬಯಲಿನ ಅರ್ಧಕ್ಕೆ ಹೋಗುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಮಾವನ ಮುಖದ ನಗು ಹಾಗೇ ಇಳಿಯಿತು.

"ತಾನಾಗೇ ನಡೀತದೆ ಅಂದಿದ್ರಲ್ಲವ್ವಾ?" ಎಂದರು ನನ್ನೊಡನೆ.

"ನಡೀತದೆ ಮಾವಾ."

"ಮತ್ತೆ ಇವ್ನು ಯಾಕೆ ನೂಕ್ತಾನೆ?"

ನಾನು ತುಟಿ ಕಚ್ಚಿಕೊಂಡೆ. ಅತ್ತ ಇವರು ತಿರುವಿನಲ್ಲಿ ಎಡಗಾಲು ತಡವರಿಸಿ ಹುಲ್ಲಿನ ಮೇಲೆ ಬಲಮಂಡಿ ಊರಿ ಬಿದ್ದರು. ಕಿಟಕಿಯ ಕಡೆ ಒಮ್ಮೆ ನೋಡಿ, ಮಿಷಿನ್ನು ಹಿಡಿದುಕೊಂಡೇ ಎದ್ದರು, ಮತ್ತೆ ತಳ್ಳಿದರು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಎಣ್ಣೆ ಮಾವಾ! ನೀವು ಬೆಲ್ಟಿಗೆ ಕುಡಿಸ್ತೀರಲ್ಲ, ಆ ಎಣ್ಣೆ! ಅದು ಮಗ್ಗದ ತೊಗಲಲ್ಲ, ಜಾರಬಾರ್ದು ಅದು, ಇಡ್ಕೋಬೇಕು! ಶುಕ್ರವಾರ ನೀವು ಕುಡಿಸ್ತೀರ, ಶನಿವಾರ ಅದು ನಿಂತ್ಕಂತದೆ, ಇವರು ಈ ಕಾಲಲ್ಲಿ ತಳ್ತಾರೆ. ಇವತ್ತು ನಡೀಲಿಲ್ಲ ಅಂದ್ರೆ ಕೆಲ್ಸ ಓಯ್ತು. ನಿಮಗೆ ನೋವಾಗ್ತದೆ ಅಂತ ನನ್ನ ಬಾಯಿ ಕಟ್ಟಿಹಾಕವ್ರೆ!"

ಮಾವ ನನ್ನನ್ನೇ ನೋಡಿದರು. ಬೈಯುತ್ತಾರೆ, ಹೊರಟುಹೋಗುತ್ತಾರೆ ಅಂದುಕೊಂಡೆ. ಅವರು ಪಂಚೆ ಎತ್ತಿ ಕಟ್ಟಿ, ಬೇಲಿ ದಾಟಿ, ನಮ್ಮಂಥವರು ಕಾಲಿಡಬಾರದ ಆ ಹಸಿರಿನ ಮೇಲೆ ಓಡಿದರು. ಹೋದವರೇ ಮಗನ ಕೈಯನ್ನು ಹಿಡಿಯಿಂದ ಬಿಡಿಸಿ, "ನಿಲ್ಸಲಾ ಇದನ್ನ!" ಎಂದು ಕೂಗಿದರು. ನಾನು ಮನೆಗೆ ಓಡಿ ಅಡಿಗೆಮನೆಯಿಂದ ಸೀಗೆಪುಡಿಯ ಡಬ್ಬ, ಒಲೆಯ ಬೂದಿ ತಂದೆ. ಮಾವ ಹೆಗಲ ಮೇಲಿದ್ದ ಹೊಸ ಬಟ್ಟೆಯನ್ನೇ ಎಳೆದು ಬೆಲ್ಟನ್ನು ಒರೆಸಿದರು, ನಾನು ಬೂದಿ ಉದುರಿಸಿ ತಿಕ್ಕಿದೆ, ಅವರು ಒರೆಸಿದರು, ನಾನು ಸೀಗೆಪುಡಿ ಹಾಕಿದೆ, ಮತ್ತೆ ಒರೆಸಿದರು. ಶನಿವಾರದ ಎಣ್ಣೆಸ್ನಾನ ಮಿಷಿನ್ನಿಗೇ ಆಯಿತು. ಇವರು ಬೆಲ್ಟನ್ನು ಕೈಯಿಂದ ಸುತ್ತಿಸಿ ಕೊಡುತ್ತಿದ್ದರು, ನಮ್ಮಿಬ್ಬರ ಮುಖವನ್ನೂ ನೋಡುತ್ತಿರಲಿಲ್ಲ. ಮೂವರಿಗೂ ಸೀಗೆಯ ಘಾಟಿಗೆ ಸೀನು ಬಂದು ಸೀನಿದ್ದೇ ಸೀನಿದ್ದು.

ಇಂಜಿನ್ನು ಹೊತ್ತಿಸಿ ಸನ್ನೆ ಒತ್ತಿದರು. ಬೆಲ್ಟು ಒಮ್ಮೆ ಕಿರ್ರೆಂದಿತು, ಜಾರಿತು, ಮತ್ತೆ ಜಾರಿತು, ಆಮೇಲೆ ಗಪ್ಪನೆ ಹಿಡಿದುಕೊಂಡಿತು. ಮಿಷಿನ್ನು ಹೊರಟಿತು. ದೊರೆ ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡೇ ವೆರಾಂಡಕ್ಕೆ ಬಂದು ನಿಂತ. ಅವನ ಕಣ್ಣ ಮುಂದೆ ನಮ್ಮವರು ನೆಟ್ಟಗೆ ನಿಂತು ಎರಡು ಬೆರಳಲ್ಲಿ ಹಿಡಿ ಹಿಡಿದು ಹಾದುಹೋದರು. "ನಲ್ಲಾ ಇರುಕ್ಕು," ಚೆನ್ನಾಗಿದೆ ಎಂದು ತಮಿಳಿನಲ್ಲಿ ಹೇಳಿ ದೊರೆ ಒಳಗೆ ಹೋದ. ಮಾರುವ ಮಾತು ಅಂದಿಗೇ ಮುಗಿಯಿತು.

ಹುಲ್ಲೆಲ್ಲ ಕತ್ತರಿಸಿ ಮುಗಿಸಿ ಇವರು ಬಂದು ಹುಣಸೆಮರದ ಕೆಳಗೆ ಕಾಲು ಚಾಚಿ ಕೂತರು. ನಾನು ಅಂಬಲಿಗೆ ಮಜ್ಜಿಗೆ ಕಲಸಿ ತಂದೆ. ಮಾವ ಎದುರಿಗೆ ಕೂತಿದ್ದರು, ತೊಡೆಯ ಮೇಲೆ ಎಣ್ಣೆ, ಬೂದಿ ಮೆತ್ತಿದ ಆ ಬಟ್ಟೆ. ಎಣ್ಣೆಯ ಮಾತು ತೆಗೆಯುತ್ತಾರೆ, ತಪ್ಪಾಯ್ತು ಅನ್ನುತ್ತಾರೋ, ನನ್ನ ಬಾಯಿಯನ್ನು ಬೈಯುತ್ತಾರೋ ಎಂದು ನಾನು ಕಾಯುತ್ತಿದ್ದೆ. ಅವರು ಮಗನ ಎಡಗಾಲನ್ನು ನೋಡುತ್ತಿದ್ದರು. ಕಣ್ಣಿಗೆ ಬಿದ್ದರೂ ಬೀಳದಂತೆ ಆ ಮನೆಯವರೆಲ್ಲ ವರ್ಷಗಟ್ಟಲೆ ನೋಡದೆ ಬಿಟ್ಟಿದ್ದ ಕಾಲು.

"ನೋಯ್ತದೇನ್ಲಾ?" ಎಂದರು.

ಇವರು ಎಲ್ಲದಕ್ಕೂ "ಪರವಾಯಿಲ್ಲ" ಎನ್ನುವ ಮನುಷ್ಯ. ನನಗೂ ಅದನ್ನೇ ಹೇಳುತ್ತ ಬಂದಿದ್ದರು. ಅಂಬಲಿಯ ಚೊಂಬನ್ನು ಕೆಳಗಿಟ್ಟರು.

"ನೋಯ್ತದಪ್ಪಾ."

"ಇವತ್ತಾ?"

"ದಿನಾ."

"ಯಾಕ್ಲಾ ಯೋಳ್ನಿಲ್ಲ?"

"ನೀನು ಕೇಳ್ನಿಲ್ವಲ್ಲಪ್ಪಾ."

ಮಾವ ಮುಂದಕ್ಕೆ ಸರಿದು ಆ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಬ್ಯಾಡಪ್ಪಾ, ದೊಡ್ಡೋನು ನೀನು, ಕಾಲು ಮುಟ್ಬಾರ್ದು," ಎಂದು ಇವರು ಎಳೆದುಕೊಳ್ಳಲು ಹೋದರು. ಮಾವ ಬಿಡಲಿಲ್ಲ.

"ಸುಮ್ಕಿರ್ಲಾ. ಎಲ್ಲಿ ನೋಯ್ತದೆ, ತೋರ್ಸು."

ಇವರು ಬೆರಳಿಟ್ಟು ತೋರಿಸಿದರು.